ಸಿಳ್ಳೆ ಬರುತ್ತದೆ ಅಂದಿದ್ದೆ

ನನ್ನ ಅಣ್ಣನಿಗೆ ಬಾಗಿಲು ತಟ್ಟಿ ಗೊತ್ತೇ ಇರಲಿಲ್ಲ. ಪಂಚಮಿಗೆ ನನ್ನನ್ನು ತವರಿಗೆ ಕರೆದೊಯ್ಯಲು ಪ್ರತಿ ವರ್ಷ ಕಬ್ಬೂರಿನಿಂದ ನಿಪ್ಪಾಣಿಗೆ ಬರುತ್ತಿದ್ದ. ನಮ್ಮ ಓಣಿಯ ತುದಿಯಲ್ಲಿ ಒಂದು ಚಹಾದ ಅಂಗಡಿ ಇದೆ. ಅಲ್ಲಿಯೇ ನಿಂತು, ಎರಡು ಬೆರಳು ಬಾಯಿಗಿಟ್ಟು ಒಂದು ಸಿಳ್ಳೆ ಹಾಕುತ್ತಿದ್ದ. ಅದು ಆಚೆ ಹೊಲಕ್ಕೆ ನುಗ್ಗಿದ ಕುರಿಯನ್ನು ತಿರುಗಿಸುವ ಸಿಳ್ಳೆ. ಓಣಿಯ ನಾಯಿಗಳೆಲ್ಲ ಎದ್ದು ನಿಲ್ಲುತ್ತಿದ್ದವು. ನನ್ನ ಅತ್ತೆ ಒಳಗಿನಿಂದಲೇ, "ಬಂದ ನೋಡವಾ ನಿಮ್ಮ ಅಣ್ಣ. ಕುರಿ ಹೊಂಡ್ಲಿ ಇನ್ನ" ಎಂದು ನಗುತ್ತಿದ್ದರು.

ನಾನು ನಾಚಿಕೆಯಿಂದ ಮುದುಡಿ ಚೀಲ ಹಿಡಿದು ಹೊರಗೆ ಓಡುತ್ತಿದ್ದೆ. "ಮನಷ್ಯಾರಂಗ ಮನೀಗೆ ಬಂದು ಕರೀಬಾರದೇನೋ ಅಣ್ಣಾ?" ಎಂದು ಬೈದರೆ, "ನೀ ಹೊರಗ ಬಂದಿ ಇಲ್ಲೋ? ಮುಗೀತಲ್ಲ" ಎನ್ನುತ್ತಿದ್ದ. ಅವನ ಲೋಕದಲ್ಲಿ ಕರೆದರೆ ಬರಬೇಕು, ಅಷ್ಟೇ.

ನಮ್ಮದು ಕುರಿ ಕಾಯುವ ಮನೆತನ. ಅಪ್ಪ ಹೋದ ಮೇಲೆ ಅಣ್ಣನೇ ಹಿಂಡು ನೋಡಿಕೊಂಡ. ಶಾಲೆಯ ಮೆಟ್ಟಿಲು ಹತ್ತಿದವನಲ್ಲ. ನನ್ನನ್ನು ಮಾತ್ರ ಹಟ ಹಿಡಿದು ಹತ್ತನೆಯ ಇಯತ್ತೆಯವರೆಗೆ ಓದಿಸಿದ. ಮಳೆಗಾಲದಲ್ಲಿ ಕಬ್ಬೂರಿನಲ್ಲೇ ಇರುತ್ತಿದ್ದ. ಚಳಿ ಶುರುವಾಗಿ ಕಬ್ಬು ಕಟಾವಾದ ಕೂಡಲೇ ಹಿಂಡು ಹೊಡೆದುಕೊಂಡು ಕೃಷ್ಣೆಯ ದಂಡೆಗೆ, ಉಗಾರ ಖುರ್ದ, ಜುಗೂಳದ ಕಡೆಗೆ ಹೋಗುತ್ತಿದ್ದ. ಅಲ್ಲಿನ ಹೊಲಗಳಲ್ಲಿ ಗೊಬ್ಬರಕ್ಕೆಂದು ರಾತ್ರಿ ಕುರಿ ನಿಲ್ಲಿಸಿಕೊಳ್ಳುತ್ತಾರೆ. ಜುಗೂಳದ ಒಬ್ಬ ರೈತ ಪ್ರತಿ ವರ್ಷ ದೀಪಾವಳಿ ಮುಗಿದ ಮೇಲೆ ಫೋನು ಮಾಡಿ, "ಬಾರಪಾ, ಹೊಲ ಖಾಲಿ ಆಗೈತಿ" ಎಂದು ಕರೆಯುತ್ತಿದ್ದ.

ನಾನು ನಿಪ್ಪಾಣಿಗೆ ಸೊಸೆಯಾಗಿ ಬಂದವಳು ಮೊದಲು ಹತ್ತು ವರ್ಷ ಬೀಡಿ ಕಟ್ಟಿದೆ. ಆಮೇಲೆ ಅಂಗನವಾಡಿಯಲ್ಲಿ ಕೆಲಸ ಸಿಕ್ಕಿತು. ಆದರೂ ಸಂಜೆ ಕೈ ಬಿಡುವಿದ್ದರೆ ಅತ್ತೆಯ ಪಕ್ಕ ಬೀಡಿಯ ಮೊರ ಇಟ್ಟುಕೊಂಡು ಕೂರುತ್ತಿದ್ದೆ. ಪಂಚಮಿಗೆ ಹೋಗುವಾಗ ಅಣ್ಣನಿಗೆಂದು ಬೇರೆಯಾಗಿ ಬಿಗಿಯಾಗಿ ಸುತ್ತಿದ ಬೀಡಿ ಕಟ್ಟುಗಳನ್ನು ಒಯ್ಯುತ್ತಿದ್ದೆ. ಅವನು ಅದನ್ನು ಬೇರೆ ಕುರಿಗಾರರಿಗೆ ತೋರಿಸಿ, "ನಮ್ಮ ತಂಗಿ ಕೈಯಾಂದು. ಅಂಗಡ್ಯಾಗ ಸಿಗೂದಲ್ಲ" ಎಂದು ಹೇಳಿಕೊಳ್ಳುತ್ತಿದ್ದ. ಅವನಿಗೆ ನಾನು ಕೊಟ್ಟದ್ದು ಅದೊಂದೇ. ಇದನ್ನು ಮುಚ್ಚಿಟ್ಟುಕೊಂಡು ಬರೆದರೆ ಇಷ್ಟೆಲ್ಲ ಬರೆಯುವುದರಲ್ಲಿ ಅರ್ಥವಿಲ್ಲ.

ಒಂದು ಪಂಚಮಿಗೆ ಬಂದಾಗ ಅವನ ದನಿ ಒಡೆದಂತೆ ಕೇಳಿಸಿತು. ಸಿಳ್ಳೆ ಎಂದಿನಂತೆ ಚುರುಕಾಗಿಯೇ ಇತ್ತು, ಮಾತು ಮಾತ್ರ ತೂತು ಬಿದ್ದ ತಿದಿಯಿಂದ ಬಂದಂತೆ ಬರುತ್ತಿತ್ತು. ಬಸ್ಸಿನಲ್ಲಿ ಕೇಳಿದೆ, "ಏನಾಗೈತಿ ಗಂಟಲಿಗೆ?"

"ಒದರಿ ಒದರಿ ಹಿಂಗಾಗೈತಿ. ಹೋಗತೈತಿ ಬಿಡ."

ಕಬ್ಬೂರಿಗೆ ಹೋದ ಮೇಲೆ ವೈನಿಯನ್ನು, ಅಂದರೆ ಅವನ ಹೆಂಡತಿಯನ್ನು ಕೇಳಿದೆ. ಎರಡು ತಿಂಗಳಿನಿಂದ ಹೀಗೇ ಇದೆ, ಅರಿಶಿನ ಹಾಕಿದ ಹಾಲು ಕುಡಿಸಿದೆ, ಜ್ಯೇಷ್ಠಮಧು ಅಗಿಯಲು ಕೊಟ್ಟೆ ಎಂದಳು. ಡಾಕ್ಟರಿಗೆ ತೋರಿಸೋಣ ಎಂದು ನಾನು ಹಟ ಹಿಡಿದೆ. ಅಣ್ಣ ನಕ್ಕು, "ನಡಿ ಹಂಗಾರ, ಹಳ್ಳದ ಕಡೆ ಹೋಗೂಣು. ಡಾಕ್ಟರು ಅಲ್ಲೇ ಅದಾರ" ಎಂದ.

ಕುರಿ ಕಾಯುವವನ ಗಂಟಲನ್ನು ಪರೀಕ್ಷೆ ಮಾಡುವುದು ನಮ್ಮಲ್ಲಿ ಹೀಗೆ. ಹಳ್ಳಕ್ಕೆ ನೀರು ಕುಡಿಸಲು ಎರಡು ಹಿಂಡು ಒಂದೇ ಹೊತ್ತಿಗೆ ಬರುತ್ತವೆ, ಕಲೆತುಬಿಡುತ್ತವೆ. ಆಗ ಇಬ್ಬರು ಕುರಿಗಾರರು ಎರಡು ದಿಕ್ಕಿಗೆ ದೂರ ಹೋಗಿ ನಿಂತು ತಮ್ಮ ತಮ್ಮ ಕೂಗು ಹಾಕುತ್ತಾರೆ. ಒಬ್ಬೊಬ್ಬನದು ಒಂದೊಂದು ಕೂಗು. ಕಲೆತ ಕುರಿಗಳು ಅಕ್ಕಿ, ಕಲ್ಲು ಆರಿಸಿದ ಹಾಗೆ ಬೇರೆಯಾಗಿ ತಮ್ಮ ಯಜಮಾನನ ಕಡೆ ನಡೆಯುತ್ತವೆ. ಒಂದೂ ತಪ್ಪುವುದಿಲ್ಲ. ಕುರಿ ಗುರುತು ಹಿಡಿದರೆ ದನಿ ಸರಿ ಇದೆ ಎಂದರ್ಥ. ಅಪ್ಪನೂ ಇದನ್ನೇ ಹೇಳುತ್ತಿದ್ದ, ಅಜ್ಜನೂ ಇದನ್ನೇ ಹೇಳುತ್ತಿದ್ದನಂತೆ.

ಆ ದಿನ ಅಣ್ಣನ ಹಿಂಡು, ಅವನ ಜೊತೆಗಾರ ಕುರಿಗಾರನ ಹಿಂಡು ಎರಡೂ ನೀರಿನಲ್ಲಿ ಕಲೆತಿದ್ದವು. ಅಣ್ಣ ದಿಬ್ಬ ಹತ್ತಿ ನಿಂತು ಕೂಗಿದ. ಅದು ಕೂಗಲ್ಲ, ಗೊರಗೊರ ಸದ್ದು. ಆದರೆ ಕುರಿಗಳು ತಲೆ ಎತ್ತಿದವು, ಅವನ ಹಿಂಡಿನ ಪ್ರತಿಯೊಂದು ಕುರಿಯೂ ಬೇರೆಯಾಗಿ ದಿಬ್ಬ ಹತ್ತಿತು. ಅಣ್ಣ ನನ್ನ ಕಡೆ ತಿರುಗಿ ಹುಬ್ಬು ಹಾರಿಸಿದ. ಜೊತೆಗಾರ, "ನೋಡಬೇ ತಂಗೀ, ಇದಕ್ಕಿಂತ ದೊಡ್ಡ ಡಾಕ್ಟರ ಮಿರಜ್ಯಾಗ ಅದಾರೇನ?" ಎಂದ. ನಾನೂ ನಕ್ಕೆ. ನಂಬಿಬಿಟ್ಟೆ. ಹತ್ತನೆಯ ಇಯತ್ತೆ ಓದಿದವಳು, ಮಕ್ಕಳಿಗೆ ಲಸಿಕೆ ಹಾಕಿಸಿರಿ ಎಂದು ಮನೆ ಮನೆ ತಿರುಗುವವಳು, ಕುರಿಯ ಸಾಕ್ಷಿಯನ್ನು ನಂಬಿ, ಬೀಡಿ ಕಟ್ಟುಗಳನ್ನು ಅವನ ಕೈಗಿಟ್ಟು ನಿಪ್ಪಾಣಿಗೆ ವಾಪಸಾದೆ.

ಅದು ಎಂಥ ಮೂರ್ಖತನ ಎಂದು ಆಮೇಲೆ ತಿಳಿಯಿತು. ದನಿ ಒಂದೇ ದಿನಕ್ಕೆ ಕೆಟ್ಟಿರಲಿಲ್ಲ. ದಿನಕ್ಕೆ ಒಂದಿಷ್ಟು ಕೆಟ್ಟಿತ್ತು, ಕುರಿಗಳು ದಿನಕ್ಕೆ ಒಂದಿಷ್ಟು ಹೊಸ ದನಿ ಕಲಿತಿದ್ದವು. ದಿನಾ ಜೊತೆಯಲ್ಲಿರುವವರಿಗೆ, ಕುರಿಯಾಗಲಿ ಹೆಂಡತಿಯಾಗಲಿ, ಗೊತ್ತಾಗುವುದೇ ಇಲ್ಲ.

ಗೊತ್ತಾದದ್ದು ವರ್ಷಕ್ಕೊಮ್ಮೆ ದನಿ ಕೇಳುವವನಿಗೆ. ದೀಪಾವಳಿ ಮುಗಿದ ಮೇಲೆ ಜುಗೂಳದ ರೈತ ಫೋನು ಮಾಡಿದ. ಅಣ್ಣ ಎತ್ತಿ ಮಾತನಾಡಿದ. ಆ ಕಡೆಯಿಂದ, "ಯಾರಪಾ ನೀ? ಕುರಿ ಮಾಲಕಗ ಫೋನ ಕೊಡ" ಎಂದನಂತೆ. ನಾನೇ ಎಂದರೆ ನಂಬಲಿಲ್ಲ, ಯಾರೋ ಚೇಷ್ಟೆ ಮಾಡುತ್ತಿದ್ದಾರೆ ಎಂದು ಫೋನು ಇಟ್ಟುಬಿಟ್ಟ. ಎರಡನೆಯ ಸಲ ವೈನಿ ಮಾತನಾಡಿದಳು. ಆಗ ಆ ರೈತ, "ಯವ್ವಾ, ಅಂವಂದು ಆ ದನಿ ಅಲ್ಲೇ ಅಲ್ಲ. ಮೊದಲ ದವಾಖಾನಿಗೆ ಕರಕೊಂಡ ಹೋಗ್ರಿ. ಹೊಲ ಎಲ್ಲೂ ಓಡಿ ಹೋಗೂದಿಲ್ಲ" ಎಂದ. ಅಂದು ಮಧ್ಯಾಹ್ನವೇ ವೈನಿ ನನಗೆ ಫೋನು ಮಾಡಿ ಅತ್ತಳು.

ಚಿಕ್ಕೋಡಿಯ ಡಾಕ್ಟರು ಅಣ್ಣನ ನಾಲಿಗೆಯನ್ನು ಬಟ್ಟೆಯಲ್ಲಿ ಹಿಡಿದೆಳೆದು, ಉದ್ದ ಹಿಡಿಕೆಯ ಸಣ್ಣ ಕನ್ನಡಿಯನ್ನು ದೀಪದ ಮೇಲೆ ಬಿಸಿ ಮಾಡಿ ಗಂಟಲಿಗೆ ಇಳಿಸಿದರು. "ಈ ಅನ್ರಿ" ಎಂದರು. ಅಣ್ಣ ಪ್ರಯತ್ನಪಟ್ಟ. ಡಾಕ್ಟರು ಕನ್ನಡಿ ತೆಗೆದು ಕೈ ತೊಳೆದುಕೊಂಡು ಬಹಳ ಹೊತ್ತು ಕೈ ಒರೆಸಿಕೊಂಡರು. ಕೊನೆಗೆ, "ದುರ್ಬೀನ್ ಹಾಕಿ ನೋಡಬೇಕ್ರಿ. ನಾಳೇನ ಮಿರಜಿಗೆ ಹೋಗ್ರಿ" ಎಂದರು. ಕೈ ಅಷ್ಟು ಹೊತ್ತು ಒರೆಸಿಕೊಂಡದ್ದರಲ್ಲೇ ನನಗೆ ಅರ್ಧ ತಿಳಿದಿತ್ತು.

ಮಿರಜದ ಆಸ್ಪತ್ರೆಯಲ್ಲಿ ದುರ್ಬೀನನ್ನು ಮೂಗಿನಿಂದ ಹಾಕಿದರು. ಮೂಗಿಗೆ ಮರಗಟ್ಟುವ ಔಷಧಿ ಸಿಂಪಡಿಸಿ, ದಾರದಂಥ ಕಪ್ಪು ನಳಿಕೆಯನ್ನು ಮೆಲ್ಲಗೆ ಒಳಗೆ ಬಿಟ್ಟರು. ಎದುರಿನ ಟಿ.ವಿ.ಯ ಮೇಲೆ ಅಣ್ಣನ ಗಂಟಲು ಕಾಣಿಸಿತು. ಒದ್ದೆ, ಕೆಂಪು, ಯಾರೂ ನೋಡಬಾರದಂಥ ಜಾಗ. ಅಲ್ಲಿ ಎರಡು ಬಿಳಿ ಪಟ್ಟಿಗಳಿದ್ದವು. ಉಸಿರು ಎಳೆದುಕೊಂಡರೆ ಅವು ತೆರೆಯಬೇಕು, ದನಿ ಮಾಡಿದರೆ ಕೂಡಬೇಕು. ಇದೇ ನಿಮ್ಮ ಅಣ್ಣನ ದನಿ ಎಂದರು ಡಾಕ್ಟರಬಾಯಿ. ಎಡಗಡೆಯ ಪಟ್ಟಿ ಹೋಗಿ ಬರುತ್ತಿತ್ತು. ಬಲಗಡೆಯದು ಹೂಕೋಸಿನ ಚೂರಿನಂಥ ಗಂಟಿನ ಕೆಳಗೆ ಅಲುಗದೆ ಬಿದ್ದಿತ್ತು. ಎಡಗಡೆಯದು ಒಂದೇ ಸಮನೆ ಬಂದು ಬಂದು ಅದನ್ನು ಮುಟ್ಟಿ ಹಿಂದೆ ಹೋಗುತ್ತಿತ್ತು. ಅಣ್ಣನಿಗೂ ಟಿ.ವಿ. ಕಾಣುತ್ತಿತ್ತು. ಕುಂಟ ಕುರಿಯನ್ನು ನೋಡುವ ಹಾಗೆ ಅದನ್ನು ನೋಡುತ್ತಿದ್ದ.

ಆಮೇಲೆ ಅರಿವಳಿಕೆ ಕೊಟ್ಟು ಬಾಯಿಯಿಂದ ನಳಿಕೆ ಇಳಿಸಿ ಗಂಟಿನ ಚೂರು ತೆಗೆದು ಪರೀಕ್ಷೆಗೆ ಕಳಿಸಿದರು. ಸಿ.ಟಿ. ಸ್ಕ್ಯಾನಿನ ದೊಡ್ಡ ಬಳೆಯೊಳಗೆ ಮಲಗಿಸಿ, "ಮಾನ್ ಹಲವೂ ನಕಾ, ಗಿಳೂ ನಕಾ" ಎಂದು ಮೈಕಿನಲ್ಲಿ ಹೇಳಿದರು. ಕತ್ತು ಅಲುಗಿಸಬೇಡ, ನುಂಗಬೇಡ. ಹೇಳಿದ್ದನ್ನೆಲ್ಲ ಅವನು ಚಾಚೂ ತಪ್ಪದೆ ಮಾಡಿದ. ಅಷ್ಟು ಚೆನ್ನಾಗಿ ಕೇಳಿದರೆ ಒಳ್ಳೆಯದಾಗುತ್ತದೆ ಎಂದು ನಂಬಿದ್ದ ಅನ್ನಿಸುತ್ತದೆ.

ವರದಿ ಬಂದ ದಿನ ಡಾಕ್ಟರಬಾಯಿ ನನ್ನೊಬ್ಬಳನ್ನೇ ಒಳಗೆ ಕರೆದರು. ಸ್ಕ್ಯಾನಿನ ಚಿತ್ರದಲ್ಲಿ ಅಣ್ಣನ ಕತ್ತು ಮೂಲಂಗಿ ಬಿಲ್ಲೆಯಂತೆ ಸಾಲಾಗಿ ಹೆಚ್ಚಿಟ್ಟಿತ್ತು. ಕ್ಯಾನ್ಸರು ದನಿಯ ಪಟ್ಟಿಯನ್ನು ದಾಟಿ, ಗಂಟಲಿನ ಮೆತ್ತನೆಯ ಎಲುಬನ್ನು ತಿಂದು ಹೊರಗೆ ಬಂದಿದೆ ಎಂದು ಬೆರಳಿಟ್ಟು ತೋರಿಸಿದರು. "ದನಿ ಒಡದು ಎಷ್ಟು ದಿನಾ ಆತು?" ಎಂದು ಕೇಳಿದರು. ಪಂಚಮಿಗಿಂತ ಎರಡು ತಿಂಗಳು ಮೊದಲು ಎಂದೆ. ಅವರು, ಆಗಲೇ ಬಂದಿದ್ದರೆ ಬಾಯಿಯಿಂದಲೇ ಲೇಸರ್ ಬಿಟ್ಟು ಸುಟ್ಟು ತೆಗೆಯಬಹುದಿತ್ತು, ಕತ್ತಿಗೆ ಗೀರೂ ಬೀಳುತ್ತಿರಲಿಲ್ಲ, ದನಿ ಒಡಕಾಗಿಯಾದರೂ ಉಳಿಯುತ್ತಿತ್ತು ಎಂದರು. ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು. ಹಳ್ಳದ ದಂಡೆಯಲ್ಲಿ ನಾನು ನಕ್ಕ ನಗು ನೆನಪಾಗಿ ಕುರ್ಚಿಯಲ್ಲಿ ಕೂರಲಾಗಲಿಲ್ಲ.

ಈಗ ಉಳಿದ ದಾರಿ ಒಂದೇ. ದನಿಪೆಟ್ಟಿಗೆಯನ್ನು ಪೂರ್ತಿ ತೆಗೆಯುವುದು. ಅವರು ಚೀಟಿಯ ಹಿಂದೆ ಚಿತ್ರ ಬರೆದು ತಿಳಿಸಿದರು. ಅನ್ನದ ಕೊಳವೆ ಬಾಯಿಗೇ ಇರುತ್ತದೆ. ಉಸಿರಿನ ಕೊಳವೆಯನ್ನು ಮಾತ್ರ ತಿರುಗಿಸಿ ಕತ್ತಿನ ಮುಂದೆ ತೂತಾಗಿ ಹೊಲಿಯುತ್ತಾರೆ. ಇನ್ನು ಮುಂದೆ ಉಸಿರು ಆ ತೂತಿನಿಂದಲೇ ಹೋಗಿ ಬರಬೇಕು. ಮಾಡಿಸದಿದ್ದರೆ ಗಂಟು ಬೆಳೆದು ಉಸಿರು ಕಟ್ಟುತ್ತದೆ. ಬಹಳ ದಿನ ಇಲ್ಲ ಎಂದರು.

ಹೊರಗೆ ಬಂದು ಅಣ್ಣನಿಗೆ ಹೇಳಿದೆ. ದನಿ ಹೋಗುತ್ತದೆ, ಜೀವ ಉಳಿಯುತ್ತದೆ ಎಂದೆ. ಅವನು ಬೆಂಚಿನ ಮೇಲೆ ಕುಳಿತು ನೆಲ ನೋಡಿದ. ವೈನಿ ಸೆರಗಿನಲ್ಲಿ ಮುಖ ಮುಚ್ಚಿಕೊಂಡಿದ್ದಳು. ಅಣ್ಣ ತಲೆ ಎತ್ತಿ, ಎರಡು ಬೆರಳನ್ನು ಬಾಯಿಗಿಟ್ಟು, ಹುಬ್ಬು ಏರಿಸಿ ನನ್ನನ್ನು ನೋಡಿದ. ಆಮೇಲೆ ಆ ಗೊರಗೊರ ದನಿಯಲ್ಲಿ, "ಸಿಳ್ಳಿ?" ಎಂದ. ಕೂಗು ಹೋದರೆ ಹೋಗಲಿ, ಸಿಳ್ಳೆಯೊಂದಿದ್ದರೆ ಕುರಿ ತಿರುಗಿಸಿಕೊಳ್ಳುತ್ತೇನೆ ಎಂಬುದು ಅವನ ಲೆಕ್ಕ. "ಅದೂ ಹೋಗೂದಿದ್ರ ನನಗ ಏನೂ ಮಾಡಸೂದ ಬ್ಯಾಡ. ಹಿಂಡಿನಾಗ ಜೀವ ಬಿಡತೀನಿ" ಎಂದ.

ನಾನು ತಿರುಗಿ ಒಳಗೆ ಹೋದೆ. ಡಾಕ್ಟರಬಾಯಿ ತಲೆಯಾಡಿಸಿದರು. ಉಸಿರು ಬಾಯಿಗೇ ಬರುವುದಿಲ್ಲವಲ್ಲ, ಸಿಳ್ಳೆ ಎಲ್ಲಿಂದ ಬರಬೇಕು? ದೀಪ ಊದಲೂ ಆಗುವುದಿಲ್ಲ ಎಂದರು. ಬಾಗಿಲಿನಿಂದ ಬೆಂಚಿಗೆ ಹತ್ತು ಹೆಜ್ಜೆ ಇರಬಹುದು. ಆ ಹತ್ತು ಹೆಜ್ಜೆಯಲ್ಲಿ ನಾನು ತೀರ್ಮಾನ ಮಾಡಿದೆ.

"ಬರತೈತಂತ ಅಣ್ಣಾ. ಸಿಳ್ಳಿ ಬರತೈತಿ."

ಸಾವಿರ ಸುಳ್ಳು ಹೇಳಿ ಒಂದು ಮದುವೆ ಮಾಡು ಅನ್ನುತ್ತಾರೆ. ನಾನು ಒಂದೇ ಸುಳ್ಳು ಹೇಳಿ ಒಂದು ಆಪರೇಷನ್ ಮಾಡಿಸಿದೆ. ಅಣ್ಣ ಕಾಗದಕ್ಕೆ ಹೆಬ್ಬೆಟ್ಟು ಒತ್ತಿದ.

ಆಪರೇಷನ್ ಸರಿಯಾಗಿಯೇ ಆಯಿತು. ಕತ್ತಿನ ತೂತಿಗೆ ಒಂದು ನಳಿಕೆ, ಅದರ ಮೇಲೆ ಒದ್ದೆ ಬಟ್ಟೆ. ಕೆಮ್ಮಿದರೆ ಕತ್ತಿನಿಂದ ಕೆಮ್ಮು. ಅಂಗನವಾಡಿಯಿಂದ ಪಾಟಿ, ಬಳಪ ಒಯ್ದು ಕೊಟ್ಟೆ. ಕೊಟ್ಟ ಮೇಲೆ ನೆನಪಾಯಿತು, ಅವನಿಗೆ ಅಕ್ಷರ ಬರುವುದಿಲ್ಲ. ಅವನು ಪಾಟಿಯ ಮೇಲೆ ಒಂದು ಕುರಿ ಬರೆದು ವೈನಿಗೆ ತೋರಿಸಿದ. ಕುರಿ ಹೇಗಿವೆ ಎಂದು ಕೇಳುತ್ತಿದ್ದಾನೆಂದು ನಮಗೆ ತಿಳಿಯಲು ಸ್ವಲ್ಪ ಹೊತ್ತು ಬೇಕಾಯಿತು. ಹಿಂಡನ್ನು ಜೊತೆಗಾರ ಜುಗೂಳಕ್ಕೆ ಹೊಡೆದುಕೊಂಡು ಹೋಗಿದ್ದ.

ಗಾಯ ಒಣಗಿತು. ಆಮೇಲೆ ಕರೆಂಟ್, ಅಂದರೆ ರೇಡಿಯೇಶನ್, ಕೊಡುವ ದಿನಗಳು ಬಂದವು. ಅವನ ಕತ್ತು ಕಪ್ಪಗೆ ಸುಟ್ಟು, ಎಂಜಲು ಒಣಗಿ, ಗಂಜಿಯೂ ಇಳಿಯದಾಯಿತು. ಅದೆಲ್ಲ ಮುಗಿದಾಗ ಹೋಳಿ ಹುಣ್ಣಿಮೆ ಕಳೆದಿತ್ತು. ಅವನು ಜುಗೂಳಕ್ಕೆ ಹೋಗಲೇಬೇಕೆಂದು ಕೈ ಮಾಡಿ ತೋರಿಸಿದ. ನಾನೂ ವೈನಿಯೂ ಜೊತೆಗೆ ಹೋದೆವು.

ಹಿಂಡು ಹೊಳೆಯ ದಂಡೆಯಲ್ಲಿ ಮೇಯುತ್ತಿತ್ತು. ಅಣ್ಣ ಅವಸರ ಮಾಡಲಿಲ್ಲ. ದೂರದಲ್ಲೇ ನಿಂತು ಎಲ್ಲವನ್ನೂ ಕಣ್ಣಿನಿಂದ ಎಣಿಸಿದ. ಆಮೇಲೆ ನನ್ನ ಕಡೆ ನೋಡಿ ನಕ್ಕು, ಎರಡು ಬೆರಳು ಬಾಯಿಗಿಟ್ಟು ಊದಿದ. ಕತ್ತಿನ ಬಟ್ಟೆ ಪಟಪಟ ಹಾರಿತು. ಬಾಯಿಯಿಂದ ಏನೂ ಬರಲಿಲ್ಲ. ಬೆರಳು ಒರೆಸಿಕೊಂಡು ಮತ್ತೆ ಊದಿದ. ಮತ್ತೆ. ಕುರಿಗಳು ತಲೆ ತಗ್ಗಿಸಿ ಮೇಯುತ್ತಲೇ ಇದ್ದವು. ಅಷ್ಟರಲ್ಲಿ ಆ ಕಡೆಯಿಂದ ಜೊತೆಗಾರ ಕೂಗು ಹಾಕಿದ. ಅಣ್ಣನ ಕುರಿಗಳೆಲ್ಲ ಒಮ್ಮೆಲೇ ತಲೆ ಎತ್ತಿ ಅವನ ಕಡೆ ನಡೆದವು. ಮೂರು ತಿಂಗಳಿನಲ್ಲಿ ಅವು ಆ ದನಿಯನ್ನೂ ಕಲಿತುಕೊಂಡಿದ್ದವು.

ಅಣ್ಣ ನನ್ನನ್ನು ನೋಡಿದ. ಸಿಟ್ಟಿರಲಿಲ್ಲ, ಕೇಳುವ ನೋಟ ಅದು. ನಿಜ ಹೇಳಲು ಅದಕ್ಕಿಂತ ಸರಿಯಾದ ಹೊತ್ತು ಇರಲಿಲ್ಲ. ನಾನು ಹೇಳಿದ್ದು, "ಗಾಯ ಇನ್ನೂ ಹಸಿ ಐತಿ ಅಣ್ಣಾ. ಮಾಗಲಿ. ನಿಧಾನಕ ಬರತೈತಿ."

ಅವನು ಅದನ್ನೂ ನಂಬಿದ. ಕತ್ತಿಗೆ ಒತ್ತಿ ಹಿಡಿದರೆ ಗುಂಯ್‌ಗುಡುತ್ತ ಮಾತು ಹೊರಡಿಸುವ ಯಂತ್ರವೊಂದನ್ನು ಆಸ್ಪತ್ರೆಯವರು ಕೊಡಿಸಿದ್ದರು. ಒಮ್ಮೆ ಹಿಂಡಿನ ನಡುವೆ ನಿಂತು ಅದನ್ನು ಒತ್ತಿದ, ಕುರಿಗಳು ದಿಕ್ಕಾಪಾಲಾಗಿ ಕಬ್ಬಿನೊಳಗೆ ನುಗ್ಗಿದವು. ಅದನ್ನು ಟ್ರಂಕಿನಲ್ಲಿಟ್ಟು ಬೀಗ ಹಾಕಿದ. ಅವನಿಗೆ ಬೇಕಾದದ್ದು ಸಿಳ್ಳೆ. ದಿನಾ ಬೆಳಿಗ್ಗೆ ದೊಡ್ಡಿಯ ಮುಂದೆ ನಿಂತು ಊದುತ್ತಾನೆ, ಕೆನ್ನೆಯೊಳಗಿನ ಗಾಳಿಯಿಂದ ಸಣ್ಣಗೆ ಸೊಂಯ್ ಅನ್ನುತ್ತದೆ, ಕಿವಿ ಹತ್ತಿರ ತಂದರೆ ಕೇಳುತ್ತದೆ ಎಂದು ವೈನಿ ಫೋನಿನಲ್ಲಿ ಹೇಳುತ್ತಿದ್ದಳು. "ಬರಾಕತ್ತೈತಿ ಅಂತ ನನಗ ತೋರಸತಾರ. ಹೌದು ಅಂತೀನಿ. ಏನ ಅನ್ನಲಿ?" ನಾನು ಹೇಳಿದ ಸುಳ್ಳನ್ನು ಈಗ ಅವಳೂ ಹೊರುತ್ತಿದ್ದಳು.

ಪಂಚಮಿಗೆ ಹದಿನೈದು ದಿನ ಇರುವಾಗ ಮಿರಜದಲ್ಲಿ ಮತ್ತೆ ಸ್ಕ್ಯಾನ್ ಮಾಡಿದರು. ಕತ್ತಿನ ತೂತಿನಿಂದಲೇ ದುರ್ಬೀನು ಇಳಿಸಿ ನೋಡಿದರು. ಡಾಕ್ಟರಬಾಯಿ ಈ ಸಲವೂ ನನ್ನೊಬ್ಬಳನ್ನೇ ಕರೆದರು. ತೂತಿನ ಅಂಚಿನಲ್ಲಿ ಒಂದು ಹೊಸ ಗಂಟು, ಎದೆಗೂಡಿನಲ್ಲಿ ಎರಡು. ಇನ್ನು ನೋವು ಕಡಿಮೆ ಮಾಡುವುದಷ್ಟೇ ನಮ್ಮ ಕೆಲಸ ಎಂದರು. ನಾನು ಹೊರಗೆ ಬಂದು ಔಷಧಿ ಬದಲಾಗಿದೆ ಎಂದೆ. ಸುಳ್ಳು ಹೇಳುವುದು ಅಷ್ಟು ಹೊತ್ತಿಗೆ ನನಗೆ ಚೆನ್ನಾಗಿ ರೂಢಿಯಾಗಿತ್ತು.

ಈ ವರ್ಷ ಅಣ್ಣನನ್ನು ಕರೆಯಲು ಕಳಿಸಬೇಡ, ನಾನೇ ಬರುತ್ತೇನೆ ಎಂದು ವೈನಿಗೆ ಹೇಳಿದ್ದೆ. ಪಂಚಮಿಯ ಎರಡು ದಿನ ಮುಂಚೆ ಮಧ್ಯಾಹ್ನ ಒಳಗೆ ಕುಳಿತು ಶೇಂಗಾ ಉಂಡೆ ಕಟ್ಟುತ್ತಿದ್ದೆ. ಅತ್ತೆ ಟಿ.ವಿ. ಹಚ್ಚಿದ್ದರು. ಮರುದಿನ ಬೆಳಿಗ್ಗೆ ಚೀಲ ಹಿಡಿದು ಬಸ್ಸಿಗೆ ಹೊರಟವಳನ್ನು ಚಹಾದ ಅಂಗಡಿಯವನು ತಡೆದ.

"ಅಕ್ಕಾರ, ನಿನ್ನಿ ಇಲ್ಲಿ ಒಬ್ಬ ಮನಷ್ಯಾ ಬಂದು ನಿಂತಿದ್ದಾ. ಕುತ್ತಿಗಿಗೆ ಅರಬಿ ಸುತಗೊಂಡಿದ್ದಾ. ಎರಡ ಬೆರಳ ಬಾಯಾಗ ಇಟಗೊಂಡ ನಿಮ್ಮ ಮನಿ ಕಡೆ ನೋಡಕೋತ ಅರ್ಧಾ ತಾಸ ನಿಂತಾ. ತಲಿ ಕೆಟ್ಟಾಂವ ಇರಬೇಕ ಅಂದಕೊಂಡ್ನಿ. ಹ್ವಾದ ಮ್ಯಾಲ ಹೊಳೀತ್ರಿ, ಪಂಚಮಿಗೆ ಬಂದು ಸಿಳ್ಳಿ ಹಾಕತಿದ್ದ ನಿಮ್ಮ ಅಣ್ಣ ಅಲ್ಲೇನ ಅಂತ."

ನಮ್ಮ ಮನೆ ಅಲ್ಲಿಂದ ಆರನೆಯ ಬಾಗಿಲು.

ಕಬ್ಬೂರು ಮುಟ್ಟುವವರೆಗೂ ಬಸ್ಸಿನಲ್ಲಿ ಅಳುತ್ತಲೇ ಹೋದೆ. ಅಣ್ಣ ದೊಡ್ಡಿಯ ಪಕ್ಕ ಬೇವಿನ ಬುಡದಲ್ಲಿ ಕುಳಿತಿದ್ದ. ನನ್ನನ್ನು ನೋಡಿ ಎದ್ದು ನಿಲ್ಲಲಿಲ್ಲ. ಮುನಿಸಿಕೊಂಡಿದ್ದಾನೆಂದು ತಿಳಿಯಿತು. ಪಕ್ಕದಲ್ಲಿ ಕುಳಿತೆ. ಅವನು ನಿಧಾನವಾಗಿ ಬೆರಳನ್ನು ಬಾಯಿಗಿಟ್ಟು ತೋರಿಸಿದ, ನನ್ನ ಕಿವಿಯನ್ನು ಮುಟ್ಟಿದ, ಕೈ ತಿರುಗಿಸಿದ. ಅಂದರೆ, ನಾನು ಕರೆದೆ. ನಿನಗೆ ಕೇಳಲಿಲ್ಲವೇ?

ಅದೇ ಅವನ ಕೊನೆಯ ಪಂಚಮಿ. ನನಗೆ ಅದು ಗೊತ್ತಿತ್ತು, ಅವನಿಗೆ ಗೊತ್ತಿರಲಿಲ್ಲ.

"ಕೇಳಸ್ತು ಅಣ್ಣಾ" ಎಂದೆ. "ಉಂಡಿ ಕಟ್ಟಾಕತ್ತಿದ್ನಿ. ಕೈ ತೊಳಕೊಂಡು ಹೊರಗ ಬರೂದ್ರಾಗ ನೀ ಹೋಗಿಬಿಟ್ಟಿದ್ದಿ."

ಅವನ ಮುಖ ಅರಳಿದ್ದನ್ನು ನಾನು ನೋಡಿದ್ದೇನೆ. ಆರು ಬಾಗಿಲು ದಾಟಿ ಕೇಳಿಸಿತು ಎಂದರೆ ಸಣ್ಣ ಮಾತೇ? ನನ್ನ ಭುಜ ಹಿಡಿದು ಎದ್ದ. ಕಂಬಳಿ ಹೆಗಲಿಗೆ ಹಾಕಿಕೊಂಡ. ದೂರದಲ್ಲಿ ಮೇಯುತ್ತಿದ್ದ ಹಿಂಡಿನ ಕಡೆ ನಡೆದು ಹೋಗಿ, ಬದುವಿನ ಮೇಲೆ ಎದೆ ಸೆಟೆದು ನಿಂತು, ಎರಡು ಬೆರಳು ಬಾಯಿಗಿಟ್ಟ. ಕತ್ತಿನ ಬಟ್ಟೆ ಹಾರುವುದು ನಾನಿದ್ದಲ್ಲಿಗೇ ಕಾಣಿಸಿತು. ಒಂದು ಕುರಿಯೂ ತಲೆ ಎತ್ತಲಿಲ್ಲ.